ಹಂಗಿನ ಕ್ಯಾಮೆರಾ ಬಿಟ್ಟವರು

1927ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಶ್ರೀಮಂತ ವಿಧವೆ ಶಾರ್ಲಟ್ ಆಸ್‌ಗುಡ್ ಮೇಸನ್ ಒಂದು ಕರಾರುಪತ್ರ ಮಾಡಿಸಿದರು. ಎದುರು ಪಕ್ಷದವರು ಲೇಖಕಿ ಝೋರಾ ನೀಲ್ ಹರ್‌ಸ್ಟನ್. ಅಮೆರಿಕದ ದಕ್ಷಿಣ ರಾಜ್ಯಗಳನ್ನು ಸುತ್ತಿ ಕಪ್ಪು ಜನರ ಕತೆ, ಹಾಡು, ಆಟ, ಆಚರಣೆಗಳನ್ನು ಕಲೆಹಾಕುವುದು ಹರ್‌ಸ್ಟನ್ ಅವರ ಕೆಲಸ. ಅದಕ್ಕೆ ತಿಂಗಳಿಗೆ 200 ಡಾಲರ್, ಓಡಾಟಕ್ಕೊಂದು ಕಾರು, ಜೊತೆಗೆ ಒಂದು ಚಲನಚಿತ್ರ ಕ್ಯಾಮೆರಾ. ಆ ಕಾಲದಲ್ಲಿ ಒಬ್ಬ ಕಪ್ಪು ಹೆಣ್ಣುಮಗಳಿಗೆ ಇಂಥ ಏರ್ಪಾಡು ಸಿಗುವುದು ಸಣ್ಣ ಮಾತಲ್ಲ. ಆದರೆ ಕರಾರಿನಲ್ಲಿ ಇನ್ನೊಂದು ಷರತ್ತೂ ಇತ್ತು. ಕಲೆಹಾಕಿದ್ದೆಲ್ಲ ಮೇಸನ್ ಅವರ ಸ್ವತ್ತು. ಅವರ ಅಪ್ಪಣೆಯಿಲ್ಲದೆ ಹರ್‌ಸ್ಟನ್ ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ.

ಆ ಕ್ಯಾಮೆರಾದಲ್ಲಿ ಹರ್‌ಸ್ಟನ್ ತೆಗೆದ ಚೂರುಗಳು ಈಗಲೂ ನೋಡಸಿಗುತ್ತವೆ. ಸುತ್ತುಗಟ್ಟಿ ಆಡುವ ಮಕ್ಕಳು, ಮರ ಕಡಿಯುವ ಕೂಲಿಗಳು, ನದಿಯಲ್ಲಿ ದೀಕ್ಷಾಸ್ನಾನಕ್ಕೆ ಇಳಿದ ಜನ. ಅಲಬಾಮಾದಲ್ಲಿ ತನ್ನ ಮನೆಯ ಮುಂದೆ ಕೂತ ಒಬ್ಬ ಮುದುಕನೂ ಇದ್ದಾನೆ. ಆತ ಕುಡ್ಜೋ ಲೂಯಿಸ್. ಅಮೆರಿಕಕ್ಕೆ ಗುಲಾಮರನ್ನು ಹೊತ್ತು ತಂದ ಕೊನೆಯ ಹಡಗೆಂದು ಹೆಸರಾದ ಕ್ಲೋಟಿಲ್ಡಾದಲ್ಲಿ 1860ರಲ್ಲಿ ಬಂದಿಳಿದವನು. ಹರ್‌ಸ್ಟನ್ ಬೆಳೆದದ್ದು ಫ್ಲಾರಿಡಾದ ಈಟನ್‌ವಿಲ್‌ನಲ್ಲಿ, ಕಪ್ಪು ಜನರೇ ಕಟ್ಟಿ ಆಳಿಕೊಂಡ ಪುಟ್ಟ ಊರಿನಲ್ಲಿ. ಆ ಮಕ್ಕಳ ಆಟ ಅವರು ಬಾಲ್ಯದಲ್ಲಿ ತಾವೇ ಆಡಿದ್ದು. ಕ್ಯಾಮೆರಾ ಎಲ್ಲೂ ಬೆರಗಾಗಿ ಬಾಯಿ ಬಿಟ್ಟು ನಿಂತಿಲ್ಲ. ಆಟ ಎಲ್ಲಿ ತಿರುಗುತ್ತದೆ, ಯಾವಾಗ ಮುಗಿಯುತ್ತದೆ ಎಂಬುದು ಅದಕ್ಕೆ ಮೊದಲೇ ಗೊತ್ತಿದ್ದಂತಿದೆ. ಹಿಡಿದ ಕೈ ಊರಿನದು, ಹಿಡಿಸಿದ ದುಡ್ಡು ಪಾರ್ಕ್ ಅವೆನ್ಯೂವಿನ ಮೇಸನ್ ಅವರದು.

ಅಮೆರಿಕದ ಕಪ್ಪು ಮಹಿಳೆಯರು ಮಾಡಿದ ಸಾಕ್ಷ್ಯಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ‘ತೆರೆಯ ಮೇಲೆ ಅವರಿಗೆ ಜಾಗ ಸಿಕ್ಕಿತು’ ಎಂಬ ಒಂದೇ ರಾಗ ಕೇಳಿಸುತ್ತದೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ತೆರೆಯ ಮೇಲೆ ಅವರು ಯಾವತ್ತೂ ಇದ್ದರು. ಟೀವಿ ಸುದ್ದಿಯಲ್ಲಿ ಪೊಲೀಸ್ ವ್ಯಾನು ಹತ್ತುವವರಾಗಿ, ಸಮಾಜಶಾಸ್ತ್ರದ ಚಿತ್ರಗಳಲ್ಲಿ ‘ಸಮಸ್ಯೆ’ಯಾಗಿ, ಕಥಾಚಿತ್ರಗಳಲ್ಲಿ ಅಡುಗೆಯವಳಾಗಿ. ತೆಗೆದ ರೀಲನ್ನು ಯಾರು ಕತ್ತರಿಸುತ್ತಾರೆ, ಅದರ ಮೇಲೆ ಯಾರ ದನಿ ಕೂರುತ್ತದೆ, ಪ್ರಿಂಟು ಕೊನೆಗೆ ಯಾರ ಕಪಾಟು ಸೇರುತ್ತದೆ ಎಂಬಲ್ಲಿ ಹೋರಾಟ ನಡೆದದ್ದು. ಸ್ವತಂತ್ರ ಚಿತ್ರ ಅಂದರೆ ಸ್ಟುಡಿಯೊ ಇಲ್ಲದ ಚಿತ್ರ ಅಂತಷ್ಟೇ ಅಲ್ಲ, ಯಾರ ಹಂಗೂ ಇಲ್ಲದ ಚಿತ್ರ. ಅಷ್ಟು ಪೂರ್ತಿ ಹಂಗು ಹರಿದುಕೊಂಡವರು ಬಹಳ ಕಡಿಮೆ. ಹರಿದುಕೊಳ್ಳಲು ಹೊರಟವರ ಕತೆ ಮಾತ್ರ ಸೊಗಸಾಗಿದೆ.

ಮ್ಯಾಡಲಿನ್ ಆಂಡರ್ಸನ್ ಹುಟ್ಟಿದ್ದು 1927ರಲ್ಲೇ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ. ಓದಲೆಂದು ನ್ಯೂಯಾರ್ಕಿಗೆ ಬಂದ ಹುಡುಗಿ ಬಾಡಿಗೆಗೆ ಇಳಿದದ್ದು ರಿಚರ್ಡ್ ಲೀಕಾಕ್ ಅವರ ಮನೆಯಲ್ಲಿ. ಅವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಇತ್ತು. ಲೀಕಾಕ್ ಅಂದರೆ ಹೆಗಲ ಮೇಲಿನ ಹಗುರ ಕ್ಯಾಮೆರಾ ಹಿಡಿದು ಅಮೆರಿಕದ ಸಾಕ್ಷ್ಯಚಿತ್ರದ ದಿಕ್ಕನ್ನೇ ಬದಲಿಸಿದವರ ಪೈಕಿ ಒಬ್ಬರು. ಮಕ್ಕಳನ್ನು ಆಡಿಸಲು ಹೋದವರು ಅದೇ ಮನೆಯಿಂದ ಸಿನಿಮಾ ಕಲಿತು ಹೊರಬಂದರು. ಅವರ ಮೊದಲ ಚಿತ್ರ ‘ಇಂಟಿಗ್ರೇಷನ್ ರಿಪೋರ್ಟ್ 1’ ಬಂದದ್ದು 1960ರಲ್ಲಿ, ಸುಮಾರು 20 ನಿಮಿಷದ್ದು. ನಾಗರಿಕ ಹಕ್ಕಿನ ಹೋರಾಟದ ಮೆರವಣಿಗೆಗಳು, ಧರಣಿಗಳು ಅದರಲ್ಲಿವೆ. ಮಾಯಾ ಏಂಜಲೊ ಅವರ ಹಾಡುವ ದನಿಯೂ ಇದೆ. ಹೆಸರಿನಲ್ಲಿ ‘1’ ಎಂದಿರುವುದನ್ನು ಗಮನಿಸಿ. ಸರಣಿ ಮಾಡುವ ಆಸೆಯಿತ್ತು. ದುಡ್ಡು ಹುಟ್ಟಲಿಲ್ಲ, ‘2’ ಬರಲಿಲ್ಲ.

ಆಮೇಲೆ ಸಂಕಲನದ ಕೆಲಸ, ಸಂಕಲನಕಾರರ ಯೂನಿಯನ್ನಿನೊಳಗೆ ಕಾಲಿಡಲು ಜಗ್ಗಾಟ, ಕಪ್ಪು ಜನರಿಗಾಗಿ ಸಾರ್ವಜನಿಕ ಟೀವಿಯಲ್ಲಿ ಶುರುವಾದ ‘ಬ್ಲ್ಯಾಕ್ ಜರ್ನಲ್’ ಕಾರ್ಯಕ್ರಮ. ಅಷ್ಟರಲ್ಲಿ 1969 ಬಂತು.

ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ ನಗರ. ಹಳೆಯ ಬಂಗಲೆಗಳು, ಕುದುರೆಗಾಡಿ, ಹೂದೋಟ ನೋಡಲು ಪ್ರವಾಸಿಗರು ಬರುವ ಊರು. ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ರೋಗಿಗಳ ಮೈ ಒರೆಸುವ, ಹಾಸಿಗೆ ಬದಲಿಸುವ, ಊಟ ಹಂಚುವ ಕೆಲಸವೆಲ್ಲ ಕಪ್ಪು ಹೆಣ್ಣುಮಕ್ಕಳದು. ನಮ್ಮ ಆಸ್ಪತ್ರೆಗಳ ಆಯಾಗಳಂತೆ, ಅವರಿಲ್ಲದಿದ್ದರೆ ಆಸ್ಪತ್ರೆ ಒಂದು ದಿನವೂ ನಡೆಯದು. ಇದ್ದಾಗ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಟೆಗೆ 1.30 ಡಾಲರ್ ಕೂಲಿ. ದೇಶದ ಕನಿಷ್ಠ ಕೂಲಿ ಆಗ 1.60 ಡಾಲರ್. ಸಂಘ ಕಟ್ಟಲು ಹೊರಟ 12 ಮಂದಿಯನ್ನು ಆಸ್ಪತ್ರೆ ಕೆಲಸದಿಂದ ತೆಗೆದುಹಾಕಿತು. ಮಾರ್ಚ್ 20ರಂದು ಮುಷ್ಕರ ಶುರುವಾಯಿತು. ಸುಮಾರು ಒಂದು ವಾರದ ಮೇಲೆ ಕೌಂಟಿ ಆಸ್ಪತ್ರೆಯವರೂ ಸೇರಿಕೊಂಡರು. ಒಟ್ಟು ಸುಮಾರು 400 ಮಂದಿ, ಅದರಲ್ಲಿ ಗಂಡಸರು 12 ಜನ ಮಾತ್ರ. ಬೆನ್ನಿಗೆ ನಿಂತದ್ದು ನ್ಯೂಯಾರ್ಕಿನ ಆಸ್ಪತ್ರೆ ನೌಕರರ ಸಂಘ ‘ಲೋಕಲ್ 1199’ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಕಟ್ಟಿದ್ದ ಸಂಘಟನೆ. ಕಿಂಗ್ ಕೊಲೆಯಾಗಿ ಒಂದು ವರ್ಷ ಕಳೆದಿತ್ತಷ್ಟೆ. ಕೊರೆಟಾ ಸ್ಕಾಟ್ ಕಿಂಗ್ ಬಂದು ಮೆರವಣಿಗೆಯಲ್ಲಿ ನಡೆದರು. ರಾಜ್ಯಪಾಲರು ನ್ಯಾಷನಲ್ ಗಾರ್ಡ್ ಪಡೆಯನ್ನು ಇಳಿಸಿದರು, ಕರ್ಫ್ಯೂ ಹಾಕಿದರು. ನೂರಾರು ಜನ ಜೈಲಿಗೆ ಹೋದರು.

ಮುಷ್ಕರ ನಡೆಯುತ್ತಿದ್ದಾಗಲೇ ಚಿತ್ರ ತೆಗೆಯಬೇಕೆಂದು ಆಂಡರ್ಸನ್ ದುಡ್ಡಿಗಾಗಿ ಓಡಾಡಿದರು. ಯಾರೂ ಕೊಡಲಿಲ್ಲ. ಎಲ್ಲ ಮುಗಿದ ಮೇಲೆ ಯೂನಿಯನ್ನೇ ಅವರನ್ನು ಕರೆದು ಚಿತ್ರ ಮಾಡಿಕೊಡಿ ಎಂದಿತು. ಆಗ ಅವರ ಮುಂದಿದ್ದ ತೊಡಕು ಯೋಚಿಸಿ. ಘಟನೆ ಮುಗಿದಿದೆ. ಅದನ್ನು ತೆಗೆದವರು ಟೀವಿ ಚಾನೆಲ್ಲುಗಳ ಕ್ಯಾಮೆರಾದವರು. ಅವರು ನಿಂತದ್ದು ಪೊಲೀಸರು ನಿಂತ ಕಡೆಯಲ್ಲಿ. ಆ ಚಿತ್ರಿಕೆಗಳಲ್ಲಿ ಹೆಣ್ಣುಮಕ್ಕಳು ಬರಿಯ ಗುಂಪು. ತಲೆಯ ಮೇಲೆ 1199 ಎಂದು ಅಚ್ಚಾದ ಕಾಗದದ ಟೋಪಿಗಳ ಒಂದು ಅಲೆ.

ಆಂಡರ್ಸನ್ ಮಾಡಿದ್ದು ಸಂಕಲನಕಾರ್ತಿಯೊಬ್ಬಳು ಮಾತ್ರ ಮಾಡಬಹುದಾದ ಕೆಲಸ. ಬೇರೆಯವರು ತೆಗೆದ ಅದೇ ಸುದ್ದಿ ಚಿತ್ರಿಕೆಗಳನ್ನು ತರಿಸಿಕೊಂಡರು, ಜೊತೆಗೆ ಒಂದಷ್ಟನ್ನು ತಾವೇ ಹೊಸದಾಗಿ ಚಿತ್ರಿಸಿದರು. ಎಲ್ಲದರ ಮೇಲೂ ಮುಷ್ಕರದಲ್ಲಿದ್ದ ಕ್ಲೇರ್ ಬ್ರೌನ್ ಎಂಬಾಕೆಯ ದನಿಯನ್ನು ಕೂರಿಸಿದರು. ಆ ಕಾಲದ ಸಾಕ್ಷ್ಯಚಿತ್ರಗಳಲ್ಲಿ ನಿರೂಪಣೆ ಅಂದರೆ ಗಂಡಸಿನ ಗಡಸು ಕಂಠ, ಎಲ್ಲ ಬಲ್ಲ ದೇವರ ದನಿ. ಇಲ್ಲಿ ಮಾತಾಡುವವಳು ಸ್ವತಃ ಮುಷ್ಕರಕ್ಕಿಳಿದವಳು. ಅವಳು ‘ನಾವು’ ಎಂದ ಕೂಡಲೇ ಚಾನೆಲ್ಲಿನವರು ತೆಗೆದ ಗುಂಪು ಗುಂಪಾಗಿ ಉಳಿಯುವುದಿಲ್ಲ. ಬಯೊನೆಟ್ ಹಿಡಿದ ಸೈನಿಕರ ಸಾಲು ಸುದ್ದಿಯಲ್ಲಿ ‘ಶಾಂತಿ ಕಾಪಾಡುವವರು’ ಆಗಿತ್ತು. ಈ ದನಿಯ ಕೆಳಗೆ ಅದೇ ಸಾಲು ಆಸ್ಪತ್ರೆಯ ಆಯಾಗಳ ಮೇಲೆ ದಂಡೆತ್ತಿ ಬಂದ ಸೈನ್ಯದಂತೆ ಕಾಣುತ್ತದೆ, ಸ್ವಲ್ಪ ನಗೆಪಾಟಲಾಗಿಯೂ. ಒಂದು ಫ್ರೇಮೂ ಬದಲಾಗಿಲ್ಲ. ಮುಷ್ಕರ ಮನೆಯೊಳಗೂ ಬರುತ್ತದೆ. ಹೆಂಡತಿ ಬೀದಿಯಲ್ಲಿದ್ದಾಗ ಮನೆಯಲ್ಲಿ ಗಂಡ, ಮಕ್ಕಳು ಏನು ಮಾಡಬೇಕು? ಗಂಡಸರು ಮಾಡಿದ ಕಾರ್ಮಿಕ ಚಿತ್ರಗಳಲ್ಲಿ ಈ ಪ್ರಶ್ನೆಗೆ ಅರ್ಧ ನಿಮಿಷವೂ ಸಿಗುವುದಿಲ್ಲ.

ಚಿತ್ರ 1970ರಲ್ಲಿ ಬಂತು. ಹೆಸರು ‘ಐ ಆ್ಯಮ್ ಸಮ್‌ಬಡಿ’, ಉದ್ದ ಅರ್ಧ ಗಂಟೆಗೂ ಕಡಿಮೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದು ಸೇರಿತು. ಅಲ್ಲಿಗೆ ಮುಷ್ಕರಕ್ಕೆ ಐವತ್ತು ವರ್ಷ.

ಹಾಗೆಂದು ಇದನ್ನು ಹಂಗಿಲ್ಲದ ಚಿತ್ರ ಎನ್ನಲು ನನಗೆ ಮನಸ್ಸಿಲ್ಲ. ದುಡ್ಡು ಯೂನಿಯನ್ನಿನದು, ಚಿತ್ರ ಗೆಲುವಿನ ಹುಮ್ಮಸ್ಸಿನಲ್ಲಿ ಮುಗಿಯುತ್ತದೆ. ನಿಜವಾಗಿ ಸುಮಾರು ನೂರು ದಿನಗಳ ನಂತರ ಆದ ಒಪ್ಪಂದದಲ್ಲಿ ಕೂಲಿ ಹೆಚ್ಚಿತು, ತೆಗೆದುಹಾಕಿದ 12 ಮಂದಿಗೆ ಕೆಲಸ ಮರಳಿ ಸಿಕ್ಕಿತು, ದೂರು ಕೇಳುವ ಒಂದು ವ್ಯವಸ್ಥೆ ಬಂತು; ಸಂಘಕ್ಕೆ ಮಾನ್ಯತೆ ಮಾತ್ರ ಸಿಗಲಿಲ್ಲ. ಮುಂದಿನ ವರ್ಷಗಳಲ್ಲಿ ಚಾರ್ಲ್‌ಸ್ಟನ್ನಿನ ಆ ಸಂಘ ಸೊರಗಿತು. ಯೂನಿಯನ್ ತನ್ನ ಮುಂದಿನ ಊರುಗಳಲ್ಲಿ ತೋರಿಸಲು ಬೇಕಾದ ಚಿತ್ರ ಅದು, ಆ ಉದ್ದೇಶ ಅದರ ಮೈಯಲ್ಲಿದೆ. ಆದರೂ ಯೂನಿಯನ್ ನಾಯಕರನ್ನು ಬದಿಗಿಟ್ಟು ಆಯಾ ಒಬ್ಬಳ ಬಾಯಿಗೆ ಕತೆ ಒಪ್ಪಿಸಿದ್ದು ಆಂಡರ್ಸನ್ ಅವರ ಸ್ವಂತ ತೀರ್ಮಾನ. ಉಪ್ಪು ತಿಂದ ಮನೆಯಲ್ಲೇ ಇದ್ದು ತಮ್ಮ ದಾರಿ ಹಿಡಿದರು.

ಸಂಕಲನಕಾರರ ಯೂನಿಯನ್ನಿಗಿಂತ ಕ್ಯಾಮೆರಾದವರ ಯೂನಿಯನ್ನಿನ ಬಾಗಿಲು ಇನ್ನೂ ಬಿಗಿ. ನ್ಯೂಯಾರ್ಕಿನ ಆ ಯೂನಿಯನ್ನಿಗೆ ಸೇರಿದ ಮೊದಲ ಕಪ್ಪು ಮಹಿಳೆ ಜೆಸ್ಸಿ ಮೇಪಲ್. ಸೇರಿದ ಮೇಲೂ ಯಾರೂ ಕೆಲಸ ಕೊಡುತ್ತಿರಲಿಲ್ಲ. ಟೀವಿ ಕೇಂದ್ರಗಳ ಮೇಲೆ ದಾವೆ ಹೂಡಿ ಕೆಲಸ ಗಿಟ್ಟಿಸಿಕೊಂಡರು. ಆ ಅನುಭವವನ್ನು ಬೇರೆ ಹುಡುಗಿಯರಿಗೆ ಉಪಯೋಗವಾಗಲೆಂದು 1977ರಲ್ಲಿ ಪುಸ್ತಕ ಮಾಡಿದರು. ಸಿನಿಮಾಕ್ಕೆ ಬರುವ ಮೊದಲು ಅವರು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಪರೀಕ್ಷಿಸುತ್ತಿದ್ದವರು, ಬಹುಶಃ ಆ ತಾಳ್ಮೆ ಇಲ್ಲಿ ಕೆಲಸಕ್ಕೆ ಬಂತು. ಹೆರಾಯಿನ್ ಚಟಕ್ಕೆ ಮದ್ದೆಂದು ಕೊಡುತ್ತಿದ್ದ ಮೆಥಡೋನ್ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು, ಕಥಾಚಿತ್ರವನ್ನೂ ಮಾಡಿದರು. ತಮ್ಮ ಚಿತ್ರ ತೋರಿಸಲು ಥಿಯೇಟರ್ ಸಿಗದಿದ್ದಾಗ 1982ರಲ್ಲಿ ಹಾರ್ಲೆಮ್ಮಿನ ತಮ್ಮ ಮನೆಯ ನೆಲಮಾಳಿಗೆಯನ್ನೇ ಥಿಯೇಟರ್ ಮಾಡಿಕೊಂಡರು. ವಿಳಾಸವೇ ಅದರ ಹೆಸರು: ‘20 ವೆಸ್ಟ್’. ಬೇರೆ ಕಪ್ಪು ನಿರ್ದೇಶಕರ ಚಿತ್ರಗಳೂ ಅಲ್ಲಿ ತೆರೆ ಕಂಡವು.

ಅದೇ ವರ್ಷ ಇದೇ ನಗರದ ಇನ್ನೊಂದು ಮನೆಯಿಂದ ಒಂದು ಚಿತ್ರ ಹೊರಬಂತು. ಕಮಿಲ್ ಬಿಲಪ್ಸ್ ಕುಂಬಾರಿಕೆ, ಅಚ್ಚುಚಿತ್ರ, ಶಿಲ್ಪ ಮಾಡುತ್ತಿದ್ದ ಕಲಾವಿದೆ. ಗಂಡ ಜೇಮ್ಸ್ ಹ್ಯಾಚ್ ಬಿಳಿಯ, ನಾಟಕದ ಪ್ರಾಧ್ಯಾಪಕ. ಕಪ್ಪು ರಂಗಭೂಮಿಯ ಬಗ್ಗೆ ಪಾಠ ಮಾಡಲು ಹೋದರೆ ದಾಖಲೆಗಳೇ ಇಲ್ಲ ಎಂದು ಗೊತ್ತಾದಾಗ ಇಬ್ಬರೂ ಟೇಪ್ ರೆಕಾರ್ಡರ್ ಹಿಡಿದು ಕಲಾವಿದರ ಸಂದರ್ಶನ ಶುರುಮಾಡಿದರು. ನ್ಯೂಯಾರ್ಕಿನ ಸೋಹೊ ಬಡಾವಣೆಯ ಅವರ ವಿಶಾಲ ಮನೆ ವರ್ಷಗಳು ಕಳೆದಂತೆ ಸಾವಿರಕ್ಕೂ ಹೆಚ್ಚು ಧ್ವನಿಮುದ್ರಣ, ಫೋಟೊ, ಪುಸ್ತಕಗಳ ಭಂಡಾರವಾಯಿತು. ಆ ಭಂಡಾರ ಈಗ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿದೆ.

ಊರ ಕಲಾವಿದರ ಮಾತನ್ನೆಲ್ಲ ಕೂಡಿಟ್ಟ ಬಿಲಪ್ಸ್ ಕ್ಯಾಮೆರಾ ತಿರುಗಿಸಿದ್ದು ಮಾತ್ರ ತಮ್ಮ ಮನೆಯವರ ಕಡೆಗೆ. ಆ ಚಿತ್ರ ‘ಸುಝಾನ್, ಸುಝಾನ್’, ಅಕ್ಕನ ಮಗಳ ಕತೆ. ಮಾದಕವಸ್ತುವಿನ ಚಟದಿಂದ ಹೊರಬಂದ ಹುಡುಗಿ. ಅಪ್ಪ ಹೊಡೆಯುತ್ತಿದ್ದ, ಅಪ್ಪ ಈಗಿಲ್ಲ. ಚಿತ್ರದ ಕೊನೆಯ ಭಾಗದಲ್ಲಿ ತಾಯಿ ಮಗಳು ಇಬ್ಬರೂ ಕತ್ತಲ ಹಿನ್ನೆಲೆಯಲ್ಲಿ ನಿಂತಿದ್ದಾರೆ. ಮಗಳು ಮುಂದೆ, ತಾಯಿ ಹಿಂದೆ. ಇಬ್ಬರೂ ನೋಡುತ್ತಿರುವುದು ಕ್ಯಾಮೆರಾವನ್ನು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಮಗಳು ಪ್ರಶ್ನೆ ಕೇಳುತ್ತಾಳೆ, ತಾಯಿ ಉತ್ತರಿಸುತ್ತಾಳೆ. ಹಾಗೆ ಕೇಳುತ್ತ ಕೇಳುತ್ತ ತಾಯಿಯೂ ಅದೇ ಕೈಯ ಏಟು ತಿಂದವಳು ಎಂಬುದು ಹೊರಬರುತ್ತದೆ. ಎದುರು ಬದುರು ಕೂತಿದ್ದರೆ ಆ ಮಾತು ಹೊರಡುತ್ತಿತ್ತೇ? ನನಗೆ ಅನುಮಾನ. ಮುಖ ನೋಡಿಕೊಂಡು ಆಡಲಾಗದ್ದನ್ನು ಆಡಲು ಕ್ಯಾಮೆರಾ ಅಲ್ಲಿ ಒಂದು ನೆವವಾಗಿದೆ. ಹೊರಗಿನ ನಿರ್ದೇಶಕನಾಗಿದ್ದರೆ ತಾಯಿಯ ಕಣ್ಣೀರಿನ ಹತ್ತಿರಕ್ಕೆ ಲೆನ್ಸ್ ಒಯ್ಯುತ್ತಿದ್ದ. ಬಿಲಪ್ಸ್ ಹಾಗೆ ಮಾಡುವುದಿಲ್ಲ, ಆಕೆ ಚಿಕ್ಕಮ್ಮ.

ಸುಮಾರು ಹತ್ತು ವರ್ಷ ಬಿಟ್ಟು ಅವರು ಮಾಡಿದ್ದು ಇನ್ನೂ ಎದೆಗಾರಿಕೆಯ ಕೆಲಸ. 1961ರಲ್ಲಿ ಲಾಸ್ ಏಂಜಲೀಸಿನಲ್ಲಿ, ಮದುವೆಯಾಗದೆ ಹೆತ್ತ ನಾಲ್ಕು ವರ್ಷದ ಮಗಳನ್ನು ಅವರು ಅನಾಥ ಮಕ್ಕಳ ಸಂಸ್ಥೆಯೊಂದಕ್ಕೆ ಒಪ್ಪಿಸಿ ಬಂದಿದ್ದರು. ಮಗಳು ದತ್ತು ಹೋದಳು, ಬೆಳೆದಳು, ಹಾಡುಗಾರ್ತಿಯಾದಳು. ಇಪ್ಪತ್ತು ವರ್ಷದ ಮೇಲೆ ತಾಯಿಯನ್ನು ಹುಡುಕಿ ಬಂದಳು. ‘ಫೈಂಡಿಂಗ್ ಕ್ರಿಸ್ಟಾ’ ಆ ಮಗಳ ಮಾತಿನಿಂದ ಶುರುವಾಗುತ್ತದೆ: ನನ್ನನ್ನು ಅಲ್ಲಿ ಬಿಟ್ಟು ನೀನು ಕಾರಿನಲ್ಲಿ ಹೊರಟುಹೋದದ್ದೇ ನನಗಿರುವ ಕೊನೆಯ ನೆನಪು, ಯಾಕೆ ಬಿಟ್ಟೆ ಎಂಬ ಅರ್ಥದ ಮಾತು.

ಇಂಥ ಕತೆಗೆ ನಾವು ಕಾಯುವ ಅಂತ್ಯ ಯಾವುದು? ತಾಯಿ ಅಳಬೇಕು, ತಪ್ಪೊಪ್ಪಿಕೊಳ್ಳಬೇಕು, ಅಪ್ಪುಗೆ, ಹಿನ್ನೆಲೆಯಲ್ಲಿ ಪಿಟೀಲು. ಬಿಲಪ್ಸ್ ಅಳುವುದಿಲ್ಲ. ಮಗಳಿಗೆ ನೋವಾಗಿದ್ದಕ್ಕೆ ವ್ಯಥೆಯಿದೆ, ಬಿಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ತಾಯಿಯಾಗಿರುವುದು ನನಗೆ ಬೇಕಿರಲಿಲ್ಲ ಎಂಬುದು ಅವರ ನಿಲುವು. ಸುತ್ತ ಕೂತ ನೆಂಟರು ಸುಮ್ಮನಿರುವುದಿಲ್ಲ. ಮಗುವನ್ನು ನಾವೇ ಸಾಕುತ್ತಿದ್ದೆವಲ್ಲ, ಮನೆತನದಲ್ಲಿ ಇಷ್ಟು ಜನ ಹೆಂಗಸರು ಇರಲಿಲ್ಲವೇ ಎಂದು ಕ್ಯಾಮೆರಾದ ಮುಂದೆಯೇ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಆ ಮಾತುಗಳನ್ನು ಕತ್ತರಿಸಿ ಎಸೆಯುವ ಅಧಿಕಾರ ಬಿಲಪ್ಸ್ ಕೈಯಲ್ಲೇ ಇತ್ತು. ಎಸೆಯಲಿಲ್ಲ. ಸಾಕಿದ ತಾಯಿಯೂ ಚಿತ್ರದಲ್ಲಿದ್ದಾರೆ, ಬಿಲಪ್ಸ್‌ಗಿಂತ ದೊಡ್ಡವರಾಗಿ ಕಾಣುತ್ತಾರೆ. ಹಳೆಯ ಮನೆಚಿತ್ರಗಳ ನಡುವೆ ಇದ್ದಕ್ಕಿದ್ದಂತೆ ನಾಟಕದಂಥ, ಹುಚ್ಚು ಕನಸಿನಂಥ ದೃಶ್ಯಗಳು ಬರುತ್ತವೆ. ಅವು ಎಲ್ಲ ಕಡೆಯೂ ಕೂಡಿಬರುವುದಿಲ್ಲ, ಕೆಲವು ಎಳೆದಂತಿವೆ.

1992ರ ಸನ್‌ಡಾನ್ಸ್ ಉತ್ಸವದಲ್ಲಿ ಸಾಕ್ಷ್ಯಚಿತ್ರ ವಿಭಾಗದ ಅತ್ಯುನ್ನತ ಪ್ರಶಸ್ತಿಯನ್ನು ಈ ಚಿತ್ರ, ಸ್ಟೀಫನ್ ಹಾಕಿಂಗ್ ಕುರಿತ ಎರಲ್ ಮಾರಿಸ್ ಚಿತ್ರದೊಂದಿಗೆ ಹಂಚಿಕೊಂಡಿತು. ಒಂದು ಕಡೆ ಬ್ರಹ್ಮಾಂಡದ ಹುಟ್ಟು, ಇನ್ನೊಂದು ಕಡೆ ಬಿಟ್ಟುಹೋದ ಒಂದು ಮಗು. ತಯಾರಿಕಾ ಸಂಸ್ಥೆಗೆ ಗಂಡ ಹೆಂಡತಿ ಇಟ್ಟ ಹೆಸರು ‘ಮಾಮ್ ಆ್ಯಂಡ್ ಪಾಪ್’, ಅಂದರೆ ಮೂಲೆಯಂಗಡಿಯ ಹೆಸರು. ಹ್ಯಾಚ್ ಸಹನಿರ್ದೇಶಕ, ಕ್ಯಾಮೆರಾ ಹಿಡಿದವರು ಹ್ಯಾಚ್ ಅವರ ಮಗ. ಮನೆಯವರೇ ಪಾತ್ರ, ಮನೆಯವರೇ ತಂತ್ರಜ್ಞರು. ಇದಕ್ಕಿಂತ ಹಂಗಿಲ್ಲದ ಚಿತ್ರ ಇನ್ನೊಂದು ಸಿಗಲಿಕ್ಕಿಲ್ಲ ಅನ್ನಿಸುವಾಗಲೇ ಒಂದು ಮುಳ್ಳು ಚುಚ್ಚುತ್ತದೆ. ಚಿತ್ರದ ಹೆಸರಿನಲ್ಲಿರುವುದು ಮಗಳು, ಕತ್ತರಿ ಇರುವುದು ತಾಯಿಯ ಕೈಯಲ್ಲಿ. ತನ್ನನ್ನು ಬಿಟ್ಟು ಹೋದವರ ಚಿತ್ರದಲ್ಲಿ ಕ್ರಿಸ್ಟಾಗೆ ಎಷ್ಟು ಪಾಲು ಸಿಕ್ಕಿತು? ಆಕೆ 2016ರಲ್ಲಿ ತೀರಿಕೊಂಡರು, ಬಿಲಪ್ಸ್ 2019ರಲ್ಲಿ. ಮಗಳು ಸಂಕಲಿಸಿದ ಆವೃತ್ತಿ ಒಂದು ಇದ್ದಿದ್ದರೆ ಅದನ್ನು ನೋಡುವ ಆಸೆ ನನಗಿದೆ.

ಚಿತ್ರ ಮಾಡುವುದು ಒಂದು ಪಾಡಾದರೆ ಅದನ್ನು ನೋಡುವವರ ಹತ್ತಿರ ಒಯ್ಯುವುದು ಇನ್ನೊಂದು. 16 ಎಂ.ಎಂ. ಕಾಲದಲ್ಲಿ ಪ್ರಿಂಟು ಡಬ್ಬಿಯಲ್ಲಿ ಅಂಚೆಗೆ ಬೀಳಬೇಕು. ಕಾಲೇಜು, ಚರ್ಚು, ಗ್ರಂಥಾಲಯ, ಯೂನಿಯನ್ ಕಚೇರಿಗಳು ಬಾಡಿಗೆ ಕೊಟ್ಟು ತರಿಸಿಕೊಳ್ಳಬೇಕು. ಈ ಕೆಲಸಕ್ಕೆ ನಿಂತ ಸಂಸ್ಥೆಗಳ ಹೆಸರು ಸಿನಿಮಾ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿ ಬರುತ್ತದೆ. ಅನ್ಯಾಯ. ‘ಥರ್ಡ್ ವರ್ಲ್ಡ್ ನ್ಯೂಸ್‌ರೀಲ್’ ಹಾಗೊಂದು. 1970ರ ದಶಕದಲ್ಲಿ ಅದನ್ನು ನಡೆಸಿದವರಲ್ಲಿ ಗಾಯಕ ಪಾಲ್ ರಾಬ್ಸನ್ ಅವರ ಮೊಮ್ಮಗಳು ಸೂಸನ್ ರಾಬ್ಸನ್ ಇದ್ದರು. ಕವಿ ಆಡ್ರಿ ಲಾರ್ಡ್ ಅವರ ಕೊನೆಯ ವರ್ಷಗಳನ್ನು ಹಿಡಿದಿಟ್ಟ ‘ಎ ಲಿಟನಿ ಫಾರ್ ಸರ್ವೈವಲ್’ 1995ರಲ್ಲಿ ಬಂದದ್ದು ಏಡಾ ಗೇ ಗ್ರಿಫಿನ್ ಮತ್ತು ಮಿಶೆಲ್ ಪಾರ್ಕರ್ಸನ್ ಅವರ ಕೈಯಿಂದ. ಗ್ರಿಫಿನ್ ಕೂಡ ಈ ಸಂಸ್ಥೆಯಲ್ಲಿದ್ದವರೇ.

ಇನ್ನೊಂದು ‘ವಿಮೆನ್ ಮೇಕ್ ಮೂವೀಸ್’. 1972ರಲ್ಲಿ ನ್ಯೂಯಾರ್ಕಿನ ಚೆಲ್ಸೀ ಬಡಾವಣೆಯಲ್ಲಿ ನೆರೆಹೊರೆಯ ಹೆಂಗಸರಿಗೆ ಕ್ಯಾಮೆರಾ ಕಲಿಸಲು ಹುಟ್ಟಿಕೊಂಡದ್ದು, ಬರಬರುತ್ತ ಹೆಂಗಸರ ಚಿತ್ರಗಳ ದೊಡ್ಡ ವಿತರಣಾ ಸಂಸ್ಥೆಯಾಯಿತು. ಅವರ ಪಟ್ಟಿ ತೆರೆದರೆ ನಮಗೊಂದು ಪರಿಚಯದ ಹೆಸರು ಸಿಗುತ್ತದೆ. ಪಾರ್ಕರ್ಸನ್ ಅವರಂಥ ಕಪ್ಪು ನಿರ್ದೇಶಕಿಯರ ಚಿತ್ರಗಳಿರುವ ಅದೇ ಪಟ್ಟಿಯಲ್ಲಿ ಬೆಂಗಳೂರಿನ ದೀಪಾ ಧನರಾಜ್ ಅವರ ‘ಸಮ್‌ಥಿಂಗ್ ಲೈಕ್ ಎ ವಾರ್’ ಇದೆ. ಭಾರತದ ಕುಟುಂಬ ಯೋಜನೆ ಹೆಂಗಸರ ಮೈಮೇಲೆ ಹೇಗೆ ನಡೆಯಿತು ಎಂದು ಕೇಳಿದ, 1991ರ ಚಿತ್ರ. ಇದೇ ದೀಪಾ ಧನರಾಜ್ ಗೆಳೆಯರೊಂದಿಗೆ 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಯುಗಾಂತರ’ ತಂಡ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಹೋರಾಟವನ್ನು ಅವರ ಜೊತೆಗೂಡಿಯೇ ಚಿತ್ರ ಮಾಡಿತ್ತು. ನಿಪ್ಪಾಣಿ ಬೆಳಗಾವಿ ಜಿಲ್ಲೆಯದಾದರೂ ಚಿತ್ರ ಮಾತಾಡುವುದು ಆ ಹೆಂಗಸರ ಮರಾಠಿಯಲ್ಲಿ. ಚಾರ್ಲ್‌ಸ್ಟನ್ನಿಗೂ ನಿಪ್ಪಾಣಿಗೂ ನಡುವೆ ಪತ್ರವ್ಯವಹಾರವಿತ್ತು ಎಂದೇನೂ ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಒಂದೇ ಸಂಜೆ ತೋರಿಸುವ ಫಿಲ್ಮ್ ಸೊಸೈಟಿ ನಮ್ಮಲ್ಲಿದ್ದರೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ.

ಷಿಕಾಗೊದ ಇವೊನ್ ವೆಲ್ಬನ್ ಅವರದು ಬೇರೆ ಬಗೆಯ ಹಟ. ಡೆಟ್ರಾಯಿಟ್‌ನಲ್ಲಿ ಮನೆಯಲ್ಲೇ ಮುದ್ರಣಾಲಯ ನಡೆಸಿಕೊಂಡು, ಎಲ್ಲೂ ಸೇರಲು ಜಾಗವಿಲ್ಲದ ಕಪ್ಪು ಸಲಿಂಗಿಗಳಿಗೆ ದಶಕಗಳ ಕಾಲ ಬಾಗಿಲು ತೆರೆದಿಟ್ಟಿದ್ದ ರೂತ್ ಎಲಿಸ್ ಅವರ ನೂರನೆಯ ವಯಸ್ಸಿನಲ್ಲಿ, 1999ರಲ್ಲಿ, ಅವರ ಬಗ್ಗೆ ಚಿತ್ರ ಮಾಡಿದವರು ವೆಲ್ಬನ್. ಆಮೇಲೆ ತಮಗಿಂತ ಮುಂಚೆ ಕ್ಯಾಮೆರಾ ಹಿಡಿದ ಕಪ್ಪು ಹೆಂಗಸರನ್ನು ಹುಡುಕುತ್ತ ಹೊರಟು 2003ರಲ್ಲಿ ‘ಸಿಸ್ಟರ್ಸ್ ಇನ್ ಸಿನಿಮಾ’ ತೆಗೆದರು. ಅದೇ ಹೆಸರಿನಲ್ಲಿ 2024ರಲ್ಲಿ ಷಿಕಾಗೊದ ಸೌತ್ ಶೋರ್ ಬಡಾವಣೆಯಲ್ಲಿ ಒಂದು ಕೇಂದ್ರವೇ ತೆರೆಯಿತು. ಮೇಪಲ್ ಅವರ ನೆಲಮಾಳಿಗೆಯಿಂದ ಬೀದಿಯ ಮಟ್ಟಕ್ಕೆ ಬರಲು ಇಷ್ಟು ವರ್ಷ.

ಈ ನಡುವೆ ಸದ್ದಿಲ್ಲದೆ ಇನ್ನೊಂದು ಬದಲಾವಣೆಯಾಗಿತ್ತು. 1990ರ ದಶಕದ ಕೊನೆಗೆ ಅಂಗೈಯಗಲದ ಡಿಜಿಟಲ್ ಟೇಪಿನ ಕ್ಯಾಮೆರಾ ಅಮೆರಿಕದ ಸಾಮಾನ್ಯ ಮನೆಗಳಿಗೂ ಬಂತು. ಲೂಯಿಸಿಯಾನಾದ ಸಿಬಿಲ್ ಫಾಕ್ಸ್ ರಿಚರ್ಡ್‌ಸನ್, ಎಲ್ಲರೂ ಕರೆಯುವಂತೆ ಫಾಕ್ಸ್ ರಿಚ್, ಆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಅದರೊಂದಿಗೆ ಮಾತಾಡತೊಡಗಿದರು. 1997ರಲ್ಲಿ ಬಟ್ಟೆಯಂಗಡಿ ಮುಳುಗುತ್ತಿದ್ದಾಗ ಗಂಡ ರಾಬ್ ಜೊತೆ ಸೇರಿ ದರೋಡೆ ಮಾಡಿದ್ದರು. ಹೆಂಡತಿ ತಪ್ಪೊಪ್ಪಿಕೊಂಡು ಮೂರೂವರೆ ವರ್ಷ ಜೈಲಿನಲ್ಲಿದ್ದು ಬಂದರು. ಗಂಡನಿಗೆ 60 ವರ್ಷ, ಪೆರೋಲ್ ಇಲ್ಲ. ಆರು ಗಂಡುಮಕ್ಕಳು. ಹಲ್ಲು ಬಿದ್ದದ್ದು, ಶಾಲೆಗೆ ಹೋದದ್ದು, ಮಳೆ ಬಂದದ್ದು ಎಲ್ಲವನ್ನೂ ಜೈಲಿನಲ್ಲಿರುವವನು ಒಂದು ದಿನ ನೋಡಲಿ ಎಂದು ಅವರು ತುಂಬಿಡುತ್ತ ಹೋದರು. ಹದಿನೆಂಟು ವರ್ಷ.

ನಿರ್ದೇಶಕಿ ಗ್ಯಾರೆಟ್ ಬ್ರಾಡ್ಲಿ ಈ ಹೆಂಗಸಿನ ಬಗ್ಗೆ ಒಂದು ಕಿರುಚಿತ್ರ ಮಾಡಲು ಬಂದಿದ್ದರು. ಚಿತ್ರೀಕರಣ ಮುಗಿಯುವ ಹೊತ್ತಿಗೆ ಫಾಕ್ಸ್ ರಿಚ್ ಒಂದು ಚೀಲ ತಂದು ಕೊಟ್ಟರು. ಒಳಗೆ ಸುಮಾರು ನೂರು ಗಂಟೆಗಳ ಟೇಪು. ಕಿರುಚಿತ್ರ ‘ಟೈಮ್’ ಎಂಬ ಪೂರ್ಣ ಚಿತ್ರವಾಯಿತು. 2020ರ ಸನ್‌ಡಾನ್ಸ್‌ನಲ್ಲಿ ಅಮೆರಿಕನ್ ಸಾಕ್ಷ್ಯಚಿತ್ರ ವಿಭಾಗದ ನಿರ್ದೇಶನ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಬ್ರಾಡ್ಲಿ. ಹಳೆಯ ಟೇಪು, ಹೊಸ ಚಿತ್ರಿಕೆ ಎರಡನ್ನೂ ಅವರು ಕಪ್ಪುಬಿಳುಪಿಗೆ ತಂದು ಹೊಸೆದಿದ್ದಾರೆ. ಹಿನ್ನೆಲೆಯಲ್ಲಿ ಇಥಿಯೋಪಿಯಾದ ಸನ್ಯಾಸಿನಿ ಎಮಾಹೋಯ್ ನುಡಿಸಿದ ಹಳೆಯ ಪಿಯಾನೊ. ಒಂದು ದೃಶ್ಯ ಮರೆಯಲಾಗದು. ಫಾಕ್ಸ್ ರಿಚ್ ಕೋರ್ಟಿನ ಕಚೇರಿಗೆ ಫೋನು ಮಾಡುತ್ತಾರೆ. ಅತ್ತಲಿಂದ ಇನ್ನೂ ಏನೂ ಆಗಿಲ್ಲ ಎಂಬ ಉತ್ತರ. ಅವರ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿಲ್ಲ; ಮೇಡಂ, ಥ್ಯಾಂಕ್ಯೂ, ನಿಮ್ಮ ದಿನ ಚೆನ್ನಾಗಿರಲಿ. ಫೋನು ಇಟ್ಟ ಮೇಲೆ ಸಿಟ್ಟು ಒಡೆಯುತ್ತದೆ. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ವರ್ಷಗಟ್ಟಲೆ ನಿಂತವರಿಗೆ ಆ ವಿನಯ ಎಷ್ಟು ದುಬಾರಿಯದೆಂದು ಹೇಳಬೇಕಾಗಿಲ್ಲ.

ಹರ್‌ಸ್ಟನ್ ಕಾಲಕ್ಕೆ ಹೋಲಿಸಿದರೆ ಲೆಕ್ಕ ತಲೆಕೆಳಗಾಗಿದೆ. ಇಲ್ಲಿ ಕ್ಯಾಮೆರಾ ಹಿಡಿದವಳೇ ಕತೆಯವಳು, ಟೇಪಿನ ಒಡತಿಯೂ ಅವಳೇ. ನಿರ್ದೇಶಕಿ ಆಕೆಯಿಂದ ಪಡೆದವಳು. ಅದಕ್ಕೊಂದು ಬೆಲೆಯೂ ಇದೆ. ದರೋಡೆಯ ದಿನ ಏನಾಯಿತು, ಬಂದೂಕಿನ ಎದುರು ನಿಂತವರ ಗತಿ ಏನು ಎಂಬುದಕ್ಕೆ ಚಿತ್ರ ಹೆಚ್ಚು ಹೊತ್ತು ಕೊಡುವುದಿಲ್ಲ. ಚರ್ಚಿನಲ್ಲಿ ನಿಂತು ಫಾಕ್ಸ್ ರಿಚ್ ಕ್ಷಮೆ ಕೇಳುವ ದೃಶ್ಯವಿದೆ, ಅಷ್ಟೆ. ಕತೆಯ ಒಡೆತನ ಯಾರಿಗಿದೆಯೋ ಮೌನದ ಒಡೆತನವೂ ಅವರಿಗೇ ಹೋಗುತ್ತದೆ. ಬಿಲಪ್ಸ್ ತಮ್ಮನ್ನು ಬೈಯುವ ನೆಂಟರನ್ನು ಚಿತ್ರದೊಳಗೆ ಕೂರಿಸಿದ್ದರು. ‘ಟೈಮ್’ನಲ್ಲಿ ಅಂಥ ನೆಂಟರು ಕಡಿಮೆ. ಚಿತ್ರ ಕೇಳುತ್ತಿರುವುದು 60 ವರ್ಷ ಯಾಕೆ ಎಂಬ ಪ್ರಶ್ನೆಯನ್ನು, ತಪ್ಪಾಗಿಲ್ಲ ಎಂದಲ್ಲ, ನಿಜ. ಆದರೂ ಆ ಕೊರತೆ ನನ್ನನ್ನು ಬಿಡಲಿಲ್ಲ.

21 ವರ್ಷದ ನಂತರ, 2018ರಲ್ಲಿ, ರಾಬ್ ಹೊರಬಂದರು. ದಂಪತಿ ಈಗ ನ್ಯೂ ಆರ್ಲಿಯನ್ಸ್‌ನಲ್ಲಿ ‘ಪಾರ್ಟಿಸಿಪೇಟರಿ ಡಿಫೆನ್ಸ್’ ಎಂಬ ಚಳವಳಿಯ ಘಟಕ ನಡೆಸುತ್ತಾರೆ. ಆರೋಪಿಯ ಮನೆಯವರೇ ವಕೀಲರ ಜೊತೆ ಕೂತು ಮೊಕದ್ದಮೆಗೆ ಬೇಕಾದ ಕಾಗದಪತ್ರ, ಸಾಕ್ಷಿ ಒದಗಿಸುವ ಪದ್ಧತಿ ಇದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ರಾಜ್ ಜಯದೇವ್ ಮತ್ತು ಸಂಗಡಿಗರು ಬೆಳೆಸಿದ್ದು. ಆ ಸ್ಯಾನ್ ಹೊಸೆ ಗುಂಪಿನ ಕೆಲಸದಲ್ಲಿ ಚಿಕ್ಕ ಚಿಕ್ಕ ವಿಡಿಯೊ ಮಾಡುವುದೂ ಒಂದು. ಆರೋಪಿಯ ತಾಯಿ, ಮಕ್ಕಳು, ನೆರೆಯವರು, ಕೆಲಸ ಕೊಟ್ಟವರು, ಆತ ಮಲಗುವ ಕೋಣೆ, ಮಕ್ಕಳನ್ನು ಬಿಡುತ್ತಿದ್ದ ಶಾಲೆ, ಕೆಲವೇ ನಿಮಿಷಗಳಲ್ಲಿ. ಅವು ಉತ್ಸವಗಳಿಗೆ ಹೋಗುವುದಿಲ್ಲ. ಶಿಕ್ಷೆ ಬರೆಯುವ ಮೊದಲು ನ್ಯಾಯಾಧೀಶರು ನೋಡಬೇಕು ಎಂಬ ಒಂದೇ ಉದ್ದೇಶಕ್ಕೆ ತಯಾರಾಗುವ ಸಾಕ್ಷ್ಯಚಿತ್ರಗಳು ಅವು.